ರಕ್ತದ ಪ್ರೋಟೀನ್ ನೋಡಿ ಗರ್ಭಕಂಠದ ಕ್ಯಾನ್ಸರ್ ಹೇಳಬಹುದಾ? ಅತ್ತೆಯ ರಿಪೋರ್ಟ್‌ನಲ್ಲಿ ಎಸ್‌ಸಿಸಿ 2.3 ಬಂದಿದೆ

ಧಾರವಾಡ_ಪೇಡ

ಎಲ್ಲರಿಗೂ ನಮಸ್ಕಾರ. ಅತ್ತೆಗೆ 52 ವರ್ಷ. ಆಫರ್ ಇದೆ ಅಂತ ನಮ್ಮ ಮನೆಯವರು ಒಂದು ಫುಲ್ ಬಾಡಿ ಚೆಕಪ್ ಬುಕ್ ಮಾಡಿದರು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಅದರಲ್ಲಿ 'ಮಹಿಳೆಯರ ಕ್ಯಾನ್ಸರ್ ಪತ್ತೆ' ಅಂತ ಒಂದು ಭಾಗ ಇತ್ತು. ಶುಗರ್, ಥೈರಾಯ್ಡ್ ಎಲ್ಲಾ ನಾರ್ಮಲ್. ಆದರೆ ಎಸ್‌ಸಿಸಿ ಆಂಟಿಜೆನ್ 2.3 ಅಂತ ದಪ್ಪ ಅಕ್ಷರದಲ್ಲಿ ಬಂದಿದೆ. ಪಕ್ಕದಲ್ಲಿ ಮಿತಿ 1.5 ಅಂತ ಕೊಟ್ಟಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಗರ್ಭಕಂಠದ ಕ್ಯಾನ್ಸರ್ ಅಂತಲೇ ತೋರಿಸುತ್ತದೆ. ಅತ್ತೆ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಲ್ಯಾಬಿಗೆ ಫೋನ್ ಮಾಡಿದರೆ 'ಡಾಕ್ಟರ್ ಹತ್ರ ತೋರಿಸಿ' ಅಂತ ಹೇಳಿ ಇಟ್ಟುಬಿಟ್ಟರು.

ಇನ್ನೊಂದು ಪ್ರಶ್ನೆ. ಸ್ವೀಡನ್‌ನಲ್ಲಿ ರಕ್ತದ 11 ಪ್ರೋಟೀನ್ ನೋಡಿ ಶೇಕಡಾ 96ರಷ್ಟು ಈ ಕ್ಯಾನ್ಸರ್ ಹಿಡಿದಿದ್ದಾರೆ ಅಂತ ಎಲ್ಲೋ ಓದಿದೆ. ಹಾಗಿದ್ದರೆ ಆ ಪರೀಕ್ಷೆ ನಮ್ಮಲ್ಲಿ ಎಲ್ಲಿ ಸಿಗುತ್ತದೆ?

ಸೀರಮ್_ಸುಬ್ಬಣ್ಣ

ಮೊದಲು ಅತ್ತೆಗೆ ಊಟ ಮಾಡಿಸಿ. ನಾನು ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ಈ ಟೆಸ್ಟನ್ನು ಮೆಷಿನ್‌ಗೆ ಹಾಕುವವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ.

ಎಸ್‌ಸಿಸಿ ಅಂದರೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಆಂಟಿಜೆನ್, ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್. ಇದು ಹೊಸದೇನಲ್ಲ. 1977ರಲ್ಲಿ ಜಪಾನಿನ ಕಾಟೊ ಮತ್ತು ತೋರಿಗೋಯೆ ಇದನ್ನು ಗರ್ಭಕಂಠದ ಗಡ್ಡೆಯಿಂದ ಬೇರ್ಪಡಿಸಿದರು. ಹಾಗಾಗಿ ಆ ಹೆಸರು ಅಂಟಿಕೊಂಡಿತು. ಆದರೆ ಇದು ಕ್ಯಾನ್ಸರ್ ಮಾತ್ರ ತಯಾರಿಸುವ ಪ್ರೋಟೀನ್ ಅಲ್ಲ. ನಮ್ಮ ಚರ್ಮ, ಬಾಯಿಯ ಒಳಪದರ, ಗರ್ಭಕಂಠದ ಹೊರಪದರ, ಇಂಥ ಕಡೆಯ ಮಾಮೂಲಿ ಜೀವಕೋಶಗಳೂ ಇದನ್ನು ಮಾಡುತ್ತವೆ. ಸೋರಿಯಾಸಿಸ್, ಎಕ್ಸಿಮಾ ಇದ್ದರೆ ಏರುತ್ತದೆ. ಕಿಡ್ನಿ ಸರಿ ಇಲ್ಲದಿದ್ದರೆ ಏರುತ್ತದೆ. ಟ್ಯೂಬಿಗೆ ಬೆವರು ತಾಗಿದರೆ, ಮೆಷಿನ್ ಎದುರು ಯಾರಾದರೂ ಸೀನಿದರೆ, ಅದೂ ಲೆಕ್ಕಕ್ಕೆ ಬರುತ್ತದೆ! ಎಂಜಲಿನಲ್ಲಿ ಇದು ಅಷ್ಟು ಜಾಸ್ತಿ ಇರುತ್ತದೆ. ನಮ್ಮಲ್ಲಿ ಈ ಟೆಸ್ಟ್ ಮಾಡುವಾಗ ಗ್ಲೌಸ್, ಮಾಸ್ಕ್ ಎರಡೂ ಕಡ್ಡಾಯ.

ಅತ್ತೆಗೆ ಚರ್ಮದ ತೊಂದರೆ ಏನಾದರೂ ಇದೆಯಾ? ಕಿಡ್ನಿ ನೋಡುವ ಕ್ರಿಯಾಟಿನಿನ್ ಎಷ್ಟು ಬಂದಿದೆ? ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯಾ?

ಧಾರವಾಡ_ಪೇಡ

ಕ್ರಿಯಾಟಿನಿನ್ 0.8. ಬ್ಲೀಡಿಂಗ್ ಏನೂ ಇಲ್ಲ. ಚರ್ಮ ಅಂದರೆ... ಮೊಣಕೈ, ಮೊಣಕಾಲಿನ ಹತ್ತಿರ ಬಿಳಿ ಹೊಟ್ಟು ಏಳುವ ಕೆಂಪು ಕಲೆಗಳಿವೆ. ಚಳಿಗಾಲಕ್ಕೆ ಜಾಸ್ತಿ ಆಗುತ್ತದೆ. ಯಾವುದೋ ಮುಲಾಮು ಹಚ್ಚುತ್ತಾರೆ. ಅದನ್ನು ಚೆಕಪ್‌ನವರು ಕೇಳಲೇ ಇಲ್ಲ.

ಸೀರಮ್_ಸುಬ್ಬಣ್ಣ

ಸೋರಿಯಾಸಿಸ್ ಇರಬಹುದು. ಚರ್ಮದ ಡಾಕ್ಟರ್ ನೋಡಿ ಹೇಳಲಿ. 2.3ಕ್ಕೆ ಅದೇ ಕಾರಣ ಅಂತ ನಾನು ಇಲ್ಲಿ ಕೂತು ಬರೆದುಕೊಡಲಾರೆ. ಆದರೆ ಆ ನಂಬರ್ ಒಂದನ್ನೇ ಹಿಡಿದುಕೊಂಡು ಕ್ಯಾನ್ಸರ್ ಅನ್ನುವ ಹಾಗಿಲ್ಲ. 1.2 ಬಂದಿದ್ದರೆ ಕ್ಯಾನ್ಸರ್ ಇಲ್ಲ ಅನ್ನುವ ಹಾಗೂ ಇರಲಿಲ್ಲ. ಮೊದಲ ಹಂತದ ಗಡ್ಡೆ ಇದ್ದವರಲ್ಲಿ ಬಹಳ ಜನಕ್ಕೆ ಇದು ನಾರ್ಮಲ್ ಆಗಿಯೇ ಇರುತ್ತದೆ. ಅತ್ತೆಗೆ ಬೇಕಾಗಿರುವುದು ಸ್ತ್ರೀರೋಗ ತಜ್ಞರ ಹತ್ತಿರ ಒಂದು ಪರೀಕ್ಷೆ, ಜೊತೆಗೆ ಎಚ್‌ಪಿವಿ ಟೆಸ್ಟ್, ಅಂದರೆ ಈ ಕ್ಯಾನ್ಸರ್ ತರುವ ವೈರಸ್ ಗರ್ಭಕಂಠದಲ್ಲಿ ಇದೆಯಾ ಅಂತ ನೋಡುವುದು. 52 ವರ್ಷಕ್ಕೆ ಅದನ್ನು ಹೇಗೂ ಮಾಡಿಸಬೇಕಿತ್ತು.

ಗಿಡಮೂಲಿಕೆ_ಗುರು

ಪಪ್ಪಾಯಿ ಎಲೆ ರಸ 21 ದಿನ ಖಾಲಿ ಹೊಟ್ಟೆಯಲ್ಲಿ ಕುಡಿಸಿ. ಯಾವ ಮಾರ್ಕರ್ ಆದರೂ ಇಳಿಯುತ್ತದೆ.

ನಿರ್ವಾಹಕರು

ಮೇಲಿನವರೇ, ಇದು ಎರಡನೇ ಎಚ್ಚರಿಕೆ. ಬೇರೆಯವರು ದಯವಿಟ್ಟು ಇದಕ್ಕೆ ಉತ್ತರ ಕೊಟ್ಟು ಚರ್ಚೆ ಹಳಿ ತಪ್ಪಿಸಬೇಡಿ.

ಜೋಳದರೊಟ್ಟಿ

ಆ ಸ್ವೀಡನ್ ಸುದ್ದಿಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಪ್ರೋಟಿಯೋಮಿಕ್ಸ್, ಅಂದರೆ ಒಟ್ಟಿಗೆ ನೂರಾರು ಪ್ರೋಟೀನ್ ಅಳೆದು ನೋಡುವ ವಿಜ್ಞಾನ, ನನ್ನ ಹೊಟ್ಟೆಪಾಡು.

ಅದು ಉಪ್ಸಾಲಾ ವಿಶ್ವವಿದ್ಯಾಲಯದ ಉಲ್ಫ್ ಗಿಲೆನ್‌ಸ್ಟೆನ್ ತಂಡದ ಕೆಲಸ, 2019ರಲ್ಲಿ ಪ್ರಕಟವಾದದ್ದು. ರೋಗ ಪತ್ತೆಯಾದ ಸಮಯದಲ್ಲೇ ತೆಗೆದ ರಕ್ತದ ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ) 100 ಪ್ರೋಟೀನ್‌ಗಳನ್ನು ಅಳೆದರು. ಆರೋಗ್ಯವಂತ ಹೆಂಗಸರ ಪ್ಲಾಸ್ಮಾ ಜೊತೆ ಹೋಲಿಸಿದರು. ಅಳೆದ ವಿಧಾನ ಸೊಗಸಾಗಿದೆ. ಒಂದೊಂದು ಪ್ರೋಟೀನ್‌ಗೂ ಎರಡೆರಡು ಪ್ರತಿಕಾಯ. ಒಂದೊಂದು ಪ್ರತಿಕಾಯದ ಬಾಲಕ್ಕೂ ಒಂದು ಚೂರು ಡಿಎನ್ಎ. ಎರಡೂ ಒಂದೇ ಪ್ರೋಟೀನ್‌ಗೆ ಅಂಟಿದರೆ ಮಾತ್ರ ಬಾಲಗಳು ಹತ್ತಿರ ಬಂದು ಜೋಡಿಯಾಗುತ್ತವೆ. ಆ ಜೋಡಿಯನ್ನು ಪಿಸಿಆರ್‌ನಲ್ಲಿ ಎಣಿಸುತ್ತಾರೆ. ಒಂದು ಮೈಕ್ರೋಲೀಟರ್ ಪ್ಲಾಸ್ಮಾ ಸಾಕು. ಈ ತಂತ್ರವೂ ಉಪ್ಸಾಲಾದಲ್ಲೇ ಬೆಳೆದದ್ದು.

ಇಷ್ಟು ಕಸರತ್ತು ಯಾಕೆ ಅಂದರೆ, ರಕ್ತದ ಪ್ರೋಟೀನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಅಲ್ಬುಮಿನ್. ಅದರ ಪ್ರಮಾಣಕ್ಕೂ ಇಂಟರ್‌ಲ್ಯುಕಿನ್‌ನಂಥ (ರೋಗನಿರೋಧಕ ಕೋಶಗಳ ಸಂದೇಶ ಒಯ್ಯುವ) ಸಣ್ಣ ಪ್ರಮಾಣದ ಪ್ರೋಟೀನ್‌ಗೂ ಸುಮಾರು ಸಾವಿರ ಕೋಟಿ ಪಟ್ಟು ವ್ಯತ್ಯಾಸ ಇದೆ. ಗಡ್ಡೆಯಿಂದ ಬರುವ ಸುಳಿವು ಇರುವುದು ಆ ಕೆಳಗಿನ ತುದಿಯಲ್ಲಿ.

ಈಗ ಫಲಿತಾಂಶ. 100ರಲ್ಲಿ 80 ಪ್ರೋಟೀನ್‌ಗಳು ರೋಗಿಗಳಲ್ಲಿ ಜಾಸ್ತಿ ಇದ್ದವು. 11 ಪ್ರೋಟೀನ್ ಆರಿಸಿ, ಒಟ್ಟಿಗೆ ನೋಡಿದರೆ ರೋಗದ ಗುರುತಾಗುವ ಒಂದು 'ಸಹಿ' ಮಾಡಿದರು. ಅದು ಮೊದಲ ಗುಂಪಿನಲ್ಲಿ 100 ರೋಗಿಗಳಿದ್ದರೆ 96 ಜನರನ್ನು ಹಿಡಿಯುವ ಲೆಕ್ಕದಲ್ಲಿತ್ತು. ಆರೋಗ್ಯವಂತರಲ್ಲಿ ಒಬ್ಬರನ್ನೂ ತಪ್ಪಾಗಿ ಹಿಡಿಯಲಿಲ್ಲ. ಸುದ್ದಿಯವರು ಇಲ್ಲಿಗೆ ನಿಲ್ಲಿಸಿದರು. ಸಂಶೋಧಕರು ನಿಲ್ಲಿಸಲಿಲ್ಲ. ರೋಗ ಪತ್ತೆಗೆ ಮೊದಲು, ಪತ್ತೆಯಾದಾಗ, ಚಿಕಿತ್ಸೆ ಆದ ಮೇಲೆ, ಹೀಗೆ ಬೇರೆ ಬೇರೆ ಕಾಲದಲ್ಲಿ ತೆಗೆದ ರಕ್ತ ಇದ್ದ ಇನ್ನೊಂದು ಗುಂಪಿನಲ್ಲಿ ಅದೇ ಸಹಿ ಪರೀಕ್ಷಿಸಿದರು. ಪತ್ತೆಯಾದಾಗಿನ ರಕ್ತವನ್ನು ಅದಕ್ಕೂ ಮೊದಲಿನ ರಕ್ತದಿಂದ ಬೇರೆ ಮಾಡಿ ಗುರುತಿಸಲು ನೋಡಿದಾಗ ಸೂಕ್ಷ್ಮತೆ (ಹಿಡಿಯಬೇಕಾದ್ದನ್ನು ಹಿಡಿಯುವ ಪಾಲು) 0.78ಕ್ಕೆ ಇಳಿಯಿತು. ನಿರ್ದಿಷ್ಟತೆ (ಹಿಡಿಯಬಾರದ್ದನ್ನು ಸರಿಯಾಗಿ ಬಿಡುವ ಪಾಲು) 0.56! ರೋಗ ಪತ್ತೆಗೆ ಮೊದಲು ತೆಗೆದ ರಕ್ತಕ್ಕೂ ಆರೋಗ್ಯವಂತರ ರಕ್ತಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಅಂದರೆ ಆ 11 ಪ್ರೋಟೀನ್‌ಗಳು ಹೇಳಿದ್ದು 'ಕ್ಯಾನ್ಸರ್ ಈಗ ಬಂದಿದೆ' ಅಂತ. 'ಬರಲಿದೆ' ಅಂತ ಅಲ್ಲ. ಇದನ್ನು ಅವರೇ ಪ್ರಬಂಧದಲ್ಲಿ ನೇರವಾಗಿ ಬರೆದಿದ್ದಾರೆ. ಹಾಗಾಗಿ ನಮ್ಮಲ್ಲಿ ಎಲ್ಲಿ ಸಿಗುತ್ತದೆ ಅಂತ ಹುಡುಕಲು ಹೋಗಬೇಡಿ.

ಜಯನಗರ_4ನೇಬ್ಲಾಕ್

ಬರಲಿದೆ ಅಂತ ರಕ್ತಕ್ಕೆ ಯಾಕೆ ಗೊತ್ತಾಗುವುದಿಲ್ಲ? ಈ ರೋಗ ಬೆಳೆಯಲು 10–15 ವರ್ಷ ಬೇಕು ಅಂತಾರಲ್ಲ. ಅಷ್ಟು ಕಾಲ ಏನೂ ಸುಳಿವು ಬಿಡುವುದಿಲ್ಲವೇ?

ಜೋಳದರೊಟ್ಟಿ

ಒಳ್ಳೆ ಪ್ರಶ್ನೆ. ಎಚ್‌ಪಿವಿ ವೈರಸ್ ಸೇರಿಕೊಳ್ಳುವುದು ಗರ್ಭಕಂಠದ ಮೇಲ್ಪದರದ ಜೀವಕೋಶಗಳಿಗೆ. ಬಹುಪಾಲು ಹೆಂಗಸರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೆ ಆ ಜೀವಕೋಶಗಳು ಕೆಡುತ್ತಾ ಹೋಗುತ್ತವೆ. ಆದರೆ ಆ ಪದರದಲ್ಲಿ ರಕ್ತನಾಳಗಳಿಲ್ಲ. ಕೆಳಗೆ ಒಂದು ತೆಳು ಪೊರೆ ಇದೆ. ಕೆಟ್ಟ ಜೀವಕೋಶಗಳು ಆ ಪೊರೆ ದಾಟುವವರೆಗೆ ಅದು ಕ್ಯಾನ್ಸರ್ ಪೂರ್ವ ಹಂತ. ದಾಟಿದ ಮೇಲೆ ಕ್ಯಾನ್ಸರ್. ಪೊರೆಯ ಈಚೆಗೆ ಇರುವಾಗ ಅದರ ಪ್ರೋಟೀನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ವೈರಸ್ ಕೂಡ ರಕ್ತಕ್ಕೆ ಇಳಿಯುವುದಿಲ್ಲ. ನಮಗೆ ಹಿಡಿಯಬೇಕಾಗಿರುವುದು ಆ ಪೂರ್ವ ಹಂತವನ್ನೇ. ಆಗ ಕ್ಲಿನಿಕ್‌ನಲ್ಲೇ ಒಂದು ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ.

ಇದಕ್ಕೊಂದು ವಿಚಿತ್ರ ಜೊತೆ ಇದೆ. ಇದೇ ಎಚ್‌ಪಿವಿ 16 ಗಂಟಲಲ್ಲೂ ಕ್ಯಾನ್ಸರ್ ತರುತ್ತದೆ. ಅಲ್ಲಿ ವೈರಸ್‌ನ ಇ6 ಪ್ರೋಟೀನ್ ವಿರುದ್ಧದ ಪ್ರತಿಕಾಯ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಗರ್ಭಕಂಠದಲ್ಲಿ ಅದೇ ಪರೀಕ್ಷೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಒಂದೇ ವೈರಸ್, ಆದರೆ ಜಾಗ ಬದಲಾದರೆ ರಕ್ತ ಹೇಳುವ ಕಥೆಯೂ ಬದಲು.

ಕೋಡರ್_ಕಾರ್ತಿಕ್

ನೀವೆಲ್ಲ ಬರೀ ನೆಗೆಟಿವ್ ಮಾತಾಡುತ್ತೀರಿ. 11 ಸಾಲದಿದ್ದರೆ 3,000 ಪ್ರೋಟೀನ್ ಅಳೆಯಿರಿ. ಈಗ ಅದೂ ಸಾಧ್ಯ. ಎಐಗೆ ಕೊಟ್ಟರೆ ಪ್ಯಾಟರ್ನ್ ಹುಡುಕುತ್ತದೆ. ಮನುಷ್ಯನ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೆ.

ಜೋಳದರೊಟ್ಟಿ

ಇದನ್ನು ಆಗಲೇ ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದಾರೆ ಕಾರ್ತಿಕ್. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಮೆರಿಕದ ಪೆಟ್ರಿಕಾಯಿನ್ ಮತ್ತು ಲಿಯೋಟಾ ತಂಡದ ಒಂದು ಪ್ರಬಂಧ ಬಂತು. ಅಂಡಾಶಯದ ಕ್ಯಾನ್ಸರ್ ಬಗ್ಗೆ. ಸೀರಮ್‌ನ ಪ್ರೋಟೀನ್ ಪ್ಯಾಟರ್ನ್ ಅನ್ನು ಕಂಪ್ಯೂಟರ್‌ಗೆ ಕೊಟ್ಟು ಕಲಿಸಿದರು. ಸೂಕ್ಷ್ಮತೆ ಶೇಕಡಾ 100, ನಿರ್ದಿಷ್ಟತೆ ಶೇಕಡಾ 95. ಜಗತ್ತೆಲ್ಲ ಕುಣಿಯಿತು. ಆಮೇಲೆ ಬ್ಯಾಗರ್ಲಿ ಮತ್ತು ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಅದೇ ಡೇಟಾ ಬಿಚ್ಚಿ ನೋಡಿದರು. ಸ್ಯಾಂಪಲ್‌ಗಳನ್ನು ಮೆಷಿನ್‌ನಲ್ಲಿ ಓಡಿಸಿದ ರೀತಿಯ ವ್ಯತ್ಯಾಸವೂ ಕ್ಯಾನ್ಸರ್‌ನ ವ್ಯತ್ಯಾಸದಂತೆ ಕಾಣಬಹುದು ಅಂತ ತೋರಿಸಿದರು. ಆ ಪರೀಕ್ಷೆ ಪೇಟೆಗೆ ಬರಲೇ ಇಲ್ಲ.

ಉಪ್ಸಾಲಾದ 11ರ ಪಟ್ಟಿ ನೋಡಿದಾಗ ನನಗೆ ಮೊದಲು ಹೊಳೆದದ್ದೂ ಇದೇ. ಸಿರ್ಟ್2, ಆಕ್ಸಿನ್1, 4ಇ-ಬಿಪಿ1, ಸ್ಟಾಂಪ್‌ಬಿ, ಇವೆಲ್ಲ ಜೀವಕೋಶದ ಒಳಗೆ ಇರುವ ಪ್ರೋಟೀನ್‌ಗಳು. ರಕ್ತ ತೆಗೆದ ಮೇಲೆ ಸೆಂಟ್ರಿಫ್ಯೂಜ್ ಮಾಡುವುದು ಕೆಲವು ಗಂಟೆ ತಡವಾದರೆ ರಕ್ತಕಣಗಳಿಂದ ಇಂಥವು ಪ್ಲಾಸ್ಮಾಗೆ ಸೋರುತ್ತವೆ. ಅವರ ಸ್ಯಾಂಪಲ್‌ಗಳಲ್ಲಿ ಹಾಗಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕಲಬುರಗಿಯ ಒಂದು ಹಳ್ಳಿಯಲ್ಲಿ ಮೇ ತಿಂಗಳಲ್ಲಿ ತೆಗೆದ ರಕ್ತ ಲ್ಯಾಬ್ ಸೇರುವಾಗ ಏನಾಗಿರುತ್ತದೆ, ಯೋಚಿಸಿ. ಪಟ್ಟಿಯಲ್ಲಿ ಪ್ಯಾಪ್-ಎ ಕೂಡ ಇದೆ. ಬಸುರಿಯರಿಗೆ ಮಾಡುವ ಡಬಲ್ ಮಾರ್ಕರ್ ಟೆಸ್ಟ್‌ನಲ್ಲಿ ಅಳೆಯುತ್ತಾರಲ್ಲ, ಅದೇ.

ಕೆಲಸವೇ ವ್ಯರ್ಥ ಅನ್ನುತ್ತಿಲ್ಲ. 2014ರಲ್ಲಿ ಮಾನವ ಪ್ರೋಟಿಯೋಮ್‌ನ (ದೇಹದ ಎಲ್ಲ ಪ್ರೋಟೀನ್‌ಗಳ) ಮೊದಲ ಕರಡು ನಕ್ಷೆಗಳಲ್ಲಿ ಒಂದು ನೇಚರ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಅರ್ಧ ಬೆವರು ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರದು. 17,294 ಜೀನ್‌ಗಳ ಪ್ರೋಟೀನ್‌ಗಳನ್ನು ಗುರುತಿಸಿದ್ದರು. ಅಂಥ ಬುನಾದಿ ಇಲ್ಲದೆ ಯಾವ ಮಾರ್ಕರೂ ಸಿಗುವುದಿಲ್ಲ. ಸಿಕ್ಕಿದ್ದನ್ನು ಪೇಟೆಗೆ ತರುವ ಆತುರ ಬೇಡ ಅನ್ನುವುದಷ್ಟೇ ನನ್ನ ವಾದ.

ಕೋಡರ್_ಕಾರ್ತಿಕ್

ಸರಿ, ನಿರ್ದಿಷ್ಟತೆ 95 ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ಒಳ್ಳೆಯದೇ ಅಲ್ವಾ?

ಸೀರಮ್_ಸುಬ್ಬಣ್ಣ

ಲೆಕ್ಕ ಹಾಕೋಣ. ಒಂದು ಲಕ್ಷ ಹೆಂಗಸರು ಬಂದರು. ಅವರಲ್ಲಿ 50 ಜನಕ್ಕೆ ನಿಜವಾಗಿ ಕ್ಯಾನ್ಸರ್ ಇದೆ ಅಂತ ಇಟ್ಟುಕೊಳ್ಳಿ. ನಿಮ್ಮ ಟೆಸ್ಟ್ 48 ಜನರನ್ನು ಹಿಡಿಯಿತು. ಭೇಷ್. ಉಳಿದ 99,950 ಜನರಲ್ಲಿ ಶೇಕಡಾ 5 ಅಂದರೆ ಸುಮಾರು 5,000 ಹೆಂಗಸರಿಗೆ ಸುಮ್ನೆ ಪಾಸಿಟಿವ್ ಬಂತು. ಪಾಸಿಟಿವ್ ಬಂದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೆ ಮಾತ್ರ ರೋಗ. ಮಿಕ್ಕವರೆಲ್ಲ ಈ ಚರ್ಚೆ ಶುರು ಮಾಡಿದವರ ಅತ್ತೆಯ ಹಾಗೆ ಊಟ ಬಿಟ್ಟು ಕೂರುತ್ತಾರೆ.

ಮಲೆನಾಡ_ಸಿಸ್ಟರ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಈಗ ನಾನೂ ಒಂದು ಮಾತು ಹೇಳುತ್ತೇನೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್.

ನೀವೆಲ್ಲ 'ಗರ್ಭಕಂಠ ಕೈಗೆ ಸಿಗುವ ಅಂಗ, ನೇರವಾಗಿ ನೋಡಿ, ರಕ್ತ ಯಾಕೆ' ಅನ್ನುವ ಧಾಟಿಯಲ್ಲಿ ಇದ್ದೀರಿ. ಕಾಗದದ ಮೇಲೆ ಸರಿ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ (ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠವನ್ನು ಕಣ್ಣಿನಿಂದ ನೋಡುವ ಪರೀಕ್ಷೆ) ಮಾಡಬೇಕು ಅಂತ 2016ರಿಂದ ಮಾರ್ಗಸೂಚಿ ಇದೆ. ಕೆಲಸವೂ ಸುಲಭ. ಗರ್ಭಕಂಠ ಕಾಣುವಂತೆ ಯೋನಿ ಅಗಲಿಸುವ ಸ್ಪೆಕ್ಯುಲಮ್ ಹಾಕಿ, ಹತ್ತಿಯಲ್ಲಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿ ಇರುವಂಥದ್ದು, ಅದ್ದಿ ಹಚ್ಚುವುದು. ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಅಂಚು ಕಟ್ಟಿಕೊಂಡು ಕಾಣುತ್ತದೆ. ಖರ್ಚು ಏನೂ ಇಲ್ಲ ಅನ್ನಬಹುದು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದರಲ್ಲಿ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರ್‌ಗೆ ತಪಾಸಣೆ ಆದವರು ದೇಶದಲ್ಲಿ ಶೇಕಡಾ 1.9.

ಯಾಕೆ ಅಂತ ನನ್ನ ಕೋಣೆಗೆ ಬಂದು ನೋಡಿ. ಒಂದು ಮೇಜು, ಒಂದು ಪರದೆ. ಪರದೆ ಆಚೆ ಬಿಪಿ ನೋಡಿಸಲು ನಿಂತವರ ಸಾಲು. ಅದರಲ್ಲಿ ಅವಳ ಮೈದುನನೂ ಇರುತ್ತಾನೆ. 'ಬಿಳಿ ಹೋಗುತ್ತದೆ ಸಿಸ್ಟರ್' ಅಂತ ಮೆಲ್ಲಗೆ ಹೇಳುತ್ತಾಳೆ. ಮಲಗಮ್ಮಾ ನೋಡುತ್ತೇನೆ ಅಂದರೆ 'ಮನೆಯಲ್ಲಿ ಕೇಳಿ ಬರುತ್ತೇನೆ' ಅಂತ ಹೋದವಳು ಬರುವುದಿಲ್ಲ. ಅದೇ ಶುಗರ್‌ಗೆ ರಕ್ತ ಕೊಡಿ ಅಂದರೆ ಕೈ ಚಾಚಿ ಕೂತಿರುತ್ತಾರೆ. ನಮಗೆ ರಕ್ತದ ಪರೀಕ್ಷೆ ಬೇಕು ಸ್ವಾಮಿ. ಇಲ್ಲ ಅನ್ನುವ ಮೊದಲು ಅದನ್ನು ಯೋಚಿಸಿ.

ಜಯನಗರ_4ನೇಬ್ಲಾಕ್

ಸಿಸ್ಟರ್, ನಿಮ್ಮ ಮಾತು ಇಡೀ ಚರ್ಚೆಯಲ್ಲಿ ಇಲ್ಲದ್ದು.

ಜೋಳದರೊಟ್ಟಿ

ಒಪ್ಪುತ್ತೇನೆ. ಆದರೆ ಆ ನಾಚಿಕೆಗೆ ಪರಿಹಾರ ರಕ್ತವೇ ಆಗಬೇಕಿಲ್ಲ ಸಿಸ್ಟರ್. ಎಚ್‌ಪಿವಿ ಟೆಸ್ಟ್‌ಗೆ ಯಾರೂ ನೋಡಬೇಕಾಗಿಲ್ಲ, ಸ್ಪೆಕ್ಯುಲಮ್ ಬೇಡ. ಹೆಂಗಸು ತಾನೇ ಬಚ್ಚಲಿಗೆ ಹೋಗಿ ಒಂದು ಸಣ್ಣ ಬ್ರಷ್‌ನಿಂದ ಸ್ಯಾಂಪಲ್ ತೆಗೆದುಕೊಂಡು ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಪಿಸಿಆರ್ ಆಧಾರಿತ ಪರೀಕ್ಷೆಯಾದರೆ ಫಲಿತಾಂಶ ಡಾಕ್ಟರ್ ತೆಗೆದ ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಸಮ.

ಇದಕ್ಕೆ ಪುರಾವೆಯೂ ನಮ್ಮ ಪಕ್ಕದ್ದೇ. ಬೀದರ್, ಕಲಬುರಗಿಗೆ ಅಂಟಿಕೊಂಡ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಅಲ್ಲಿ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಎಚ್‌ಪಿವಿ ಟೆಸ್ಟ್, ಒಂದಕ್ಕೆ ಪ್ಯಾಪ್ (ಗರ್ಭಕಂಠದ ಜೀವಕೋಶ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ), ಒಂದಕ್ಕೆ ವಿಐಎ, ಒಂದಕ್ಕೆ ಮಾಮೂಲಿ ಆರೈಕೆ. ಇಡೀ ಪ್ರಯೋಗದಲ್ಲಿ ಒಂದೇ ಒಂದು ಸಲ ಪರೀಕ್ಷೆ. ಎಂಟು ವರ್ಷದ ನಂತರ ಮಾಮೂಲಿ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 64, ಎಚ್‌ಪಿವಿ ಗುಂಪಿನಲ್ಲಿ 34. 2009ರಲ್ಲಿ ಪ್ರಕಟವಾಯಿತು. ಜಗತ್ತಿನ ಎಷ್ಟೋ ದೇಶಗಳು ಪ್ಯಾಪ್ ಬಿಟ್ಟು ಎಚ್‌ಪಿವಿ ಕಡೆ ಹೊರಳಿದ್ದರ ಹಿಂದೆ ಆ ಹಳ್ಳಿ ಹೆಂಗಸರಿದ್ದಾರೆ. ನಮ್ಮ ದೇಶದಲ್ಲೇ ಅದು ಎಲ್ಲ ಕಡೆ ಬಂದಿಲ್ಲ ಅನ್ನುವುದು ಹೊಟ್ಟೆ ಉರಿಯುವ ವಿಷಯ.

ಮಲೆನಾಡ_ಸಿಸ್ಟರ್

ಬ್ರಷ್ ಕೊಡಿ, ನಾಳೆಯಿಂದಲೇ ಹಂಚುತ್ತೇವೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಾರೆ. ಟಿಬಿ ನೋಡುವ ಟ್ರೂನಾಟ್ ಮೆಷಿನ್ ತಾಲೂಕಿನಲ್ಲಿ ಇದೆ. ಅದರಲ್ಲೇ ಎಚ್‌ಪಿವಿ ಚಿಪ್ ಕೂಡ ಓಡುತ್ತದೆ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಚಿಪ್ ಬಂದಿಲ್ಲ. ಅಲ್ಲಿಗೆ ಮುಗಿಯಿತು.

ವಿಐಎ ಅನ್ನೂ ಹಗುರವಾಗಿ ಕಾಣಬೇಡಿ. ಮುಂಬೈನಲ್ಲಿ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ 12 ವರ್ಷ ಪ್ರಯೋಗ ಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರ್‌ಗಳಲ್ಲ. ಹತ್ತನೇ ಕ್ಲಾಸ್ ಓದಿ, ನಾಲ್ಕು ವಾರ ತರಬೇತಿ ಪಡೆದವರು. ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು. ಮನಸ್ಸು ಮಾಡಿದರೆ ವಿನೆಗರ್‌ನಲ್ಲೂ ಆಗುತ್ತದೆ.

ಮತ್ತೆ_ಬದುಕು

ನಾನು ಈ ಕ್ಯಾನ್ಸರ್ ದಾಟಿ ಬಂದವಳು. ರಕ್ತದ ಮಾರ್ಕರ್‌ಗೆ ಎಲ್ಲಿ ಬೆಲೆ ಅಂತ ನನ್ನ ಕಡೆಯಿಂದ ಹೇಳುತ್ತೇನೆ.

ನನಗೆ ರೋಗ ಗೊತ್ತಾಗಿದ್ದು ಬಯಾಪ್ಸಿಯಲ್ಲಿ. ಚಿಕಿತ್ಸೆಗೆ ಮೊದಲು ಎಸ್‌ಸಿಸಿ ನೋಡಿದರು, 14 ಇತ್ತು. ರೇಡಿಯೇಷನ್, ಕೀಮೋ ಆದ ಮೇಲೆ ಒಂದರ ಕೆಳಗೆ ಬಂತು. ಈಗ ಫಾಲೋಅಪ್‌ಗೆ ಹೋದಾಗೆಲ್ಲ ತೆಗೆಯುತ್ತಾರೆ. ನಮ್ಮ ಡಾಕ್ಟರ್ ವಿವರಿಸಿದ್ದು ಹೀಗೆ: ರೇಡಿಯೇಷನ್ ಆದ ಜಾಗ ಗಟ್ಟಿಯಾಗಿ ಕಲೆ ಕಟ್ಟಿರುತ್ತದೆ, ಕೈಯಿಂದ ಮುಟ್ಟಿ ನೋಡಿದರೆ ಗಡ್ಡೆಯೋ ಕಲೆಯೋ ಗೊತ್ತಾಗುವುದು ಕಷ್ಟ. ರೋಗ ಮರಳಿದರೆ ಕೆಲವರಲ್ಲಿ ಸ್ಕ್ಯಾನ್‌ನಲ್ಲಿ ಕಾಣುವ ತಿಂಗಳುಗಳ ಮೊದಲೇ ಎಸ್‌ಸಿಸಿ ಏರಲು ಶುರುವಾಗುತ್ತದೆ. ಒಂದು ಸಲದ ನಂಬರ್‌ಗಿಂತ ನನ್ನದೇ ಹಳೆಯ ನಂಬರ್ ಜೊತೆ ಹೋಲಿಕೆ ಮುಖ್ಯ. ಹಾಗಾಗಿ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸು ಅಂದರು.

ನನ್ನ ಜೊತೆ ವಾರ್ಡ್‌ನಲ್ಲಿ ಇದ್ದವರೊಬ್ಬರಿಗೆ ಎಸ್‌ಸಿಸಿ ಯಾವಾಗಲೂ ನಾರ್ಮಲ್. ಅವರದು ಅಡಿನೋಕಾರ್ಸಿನೋಮಾ, ಅಂದರೆ ಗ್ರಂಥಿಯ ಜೀವಕೋಶಗಳಲ್ಲಿ ಹುಟ್ಟುವ ಬೇರೆ ಜಾತಿಯ ಗಡ್ಡೆ. ಅವರಿಗೆ ಸಿಎ 125, ಸಿಇಎ ಎಂಬ ಬೇರೆ ಮಾರ್ಕರ್‌ಗಳನ್ನು ನೋಡುತ್ತಿದ್ದರು. ಗಡ್ಡೆಯ ಜಾತಿ ಗೊತ್ತಿಲ್ಲದೆ ಮಾರ್ಕರ್ ಆರಿಸುವುದೂ ಕಷ್ಟ, ನೋಡಿ. ಚೆಕಪ್ ಪ್ಯಾಕೇಜ್‌ನವರು ಅದನ್ನು ಹೇಗೆ ಆರಿಸುತ್ತಾರೋ!

ಸೀರಮ್_ಸುಬ್ಬಣ್ಣ

ಅವರು ಆರಿಸುವುದಿಲ್ಲ ಅಕ್ಕ. ಮೆಷಿನ್‌ನಲ್ಲಿ ರೀಏಜೆಂಟ್ ಇದೆ, ಪ್ಯಾಕೇಜ್‌ಗೆ ಸೇರಿಸುತ್ತಾರೆ, ಅಷ್ಟೇ. ಲಕ್ಷಣ ಇಲ್ಲದವರಲ್ಲಿ ಈ ಕ್ಯಾನ್ಸರ್ ಹುಡುಕಲು ಎಸ್‌ಸಿಸಿ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಎಲ್ಲೂ ಇಲ್ಲ.

ಧಾರವಾಡ_ಪೇಡ

ಅಪ್‌ಡೇಟ್. ಸ್ತ್ರೀರೋಗ ತಜ್ಞೆ ನೋಡಿದರು. ಗರ್ಭಕಂಠ ಚೆನ್ನಾಗಿದೆ ಅಂದರು. ಎಚ್‌ಪಿವಿ ಟೆಸ್ಟ್ ನೆಗೆಟಿವ್ ಬಂತು. ಚರ್ಮದ ಡಾಕ್ಟರ್ ಅದು ಸೋರಿಯಾಸಿಸ್ಸೇ ಅಂದರು, ಬೇರೆ ಔಷಧ ಕೊಟ್ಟಿದ್ದಾರೆ. ಎಸ್‌ಸಿಸಿ ಮತ್ತೆ ಮಾಡಿಸಬೇಕಾ ಅಂತ ಕೇಳಿದೆ. 'ಯಾಕಮ್ಮಾ ಮತ್ತೆ ತಲೆನೋವು' ಅಂತ ನಕ್ಕರು. ಅತ್ತೆ ಈಗ ಊಟವನ್ನೂ ಮಾಡುತ್ತಿದ್ದಾರೆ, ನನಗೆ ಬೈಯುವುದನ್ನೂ ಶುರು ಮಾಡಿದ್ದಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಯನಗರ_4ನೇಬ್ಲಾಕ್

ಸಂತೋಷ. ಒಂದು ಉಪಪ್ರಶ್ನೆ. ನನ್ನ ತಂಗಿಗೆ 33. ಕಾಲೇಜಿನಲ್ಲಿ ಇದ್ದಾಗಲೇ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದಾಳೆ. ಅವಳಿಗೂ ಈ ಟೆಸ್ಟ್ ಬೇಕಾ?

ಮಲೆನಾಡ_ಸಿಸ್ಟರ್

ಬೇಕು. ಈ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು 70 ಎಚ್‌ಪಿವಿ 16 ಮತ್ತು 18ರಿಂದ ಬರುವಂಥದ್ದು. ಆಗಿನ ಲಸಿಕೆಗಳು ಮುಖ್ಯವಾಗಿ ತಡೆಯುತ್ತಿದ್ದದ್ದು ಅವೆರಡನ್ನು. ಉಳಿದ ತಳಿಗಳಿಗೆ ಪೂರ್ತಿ ರಕ್ಷಣೆ ಇಲ್ಲ. ಮದುವೆಗೆ ಮೊದಲು ಹಾಕಿಸಿಕೊಂಡಿದ್ದಳಾ, ಎಷ್ಟು ಡೋಸ್ ಅಂತ ಡಾಕ್ಟರ್‌ಗೆ ಹೇಳಲಿ. 30 ದಾಟಿದೆಯಲ್ಲ, ಒಂದು ಎಚ್‌ಪಿವಿ ಟೆಸ್ಟ್ ಮಾಡಿಸಲಿ. ನೆಗೆಟಿವ್ ಬಂದರೆ ಮುಂದಿನದು ಐದು ವರ್ಷದ ಮೇಲೆ. ಮುಟ್ಟಿನ ದಿನಗಳಲ್ಲಿ ಹೋಗುವುದು ಬೇಡ. ಮಧ್ಯೆ ಸಂಭೋಗದ ನಂತರ ರಕ್ತ ಕಂಡರೆ, ವಾಸನೆಯ ಬಿಳಿ ಹೋದರೆ, ಐದು ವರ್ಷ ಅಂತ ಕಾಯದೆ ಹೋಗಲಿ.